ಬಾಲದಿಂದ ಹುಟ್ಟುವ ಮೀನು

ನಾಲ್ಕನೆಯ ತರಗತಿಯ ಮಕ್ಕಳಿಗೆ ಮೀನಿನ ಚಿತ್ರ ಕಲಿಸುವುದು ಒಂದು ಪಿರಿಯಡ್ಡಿನ ಕೆಲಸವೆಂದು ನಾನು ನಂಬಿದ್ದೆ. ಅಜ್ಜಂದಿರು 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿಗೆ ಹೊಲ ಬಿಟ್ಟುಕೊಟ್ಟು, ಮೊಮ್ಮಕ್ಕಳು ಅದೇ ಹಿನ್ನೀರಿನ ಕಟ್ಲಾ, ರೋಹು ತಿಂದು ಬೆಳೆಯುತ್ತಿರುವ ಕೊಪ್ಪಳ ಜಿಲ್ಲೆಯ ಊರು ನಮ್ಮದು. ಆದರೂ ಮೀನು ಬರೆಯಿರಿ ಎಂದರೆ ಈ ಮಕ್ಕಳು ಇಂಗ್ಲಿಷಿನ ಎಂಟನ್ನು ಅಡ್ಡ ಮಲಗಿಸಿ, ಒಂದು ಕಣ್ಣಿಟ್ಟು, ಮುಗಿಯಿತೆಂದು ಕೈತೊಳೆಯಲು ಓಡುತ್ತಾರೆ.

ಆದ್ದರಿಂದ ಈ ಸಲ ಬಣ್ಣದ ಜೊತೆಗೆ ಕಾಗದ, ಅಂಟನ್ನೂ ಬೆರೆಸುವ ಮಿಶ್ರ ಮಾಧ್ಯಮದಲ್ಲಿ ಮಾಡಿಸೋಣವೆಂದುಕೊಂಡೆ. ಪಕ್ಕದ ಕಿನ್ನಾಳದ ಚಿತ್ರಗಾರರು ಸೆಣಬಿನ ಚಿಂದಿ, ಮರದ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿದ ಕಿಟ್ಟವನ್ನು ಹಗುರ ಮರಕ್ಕೆ ಮೆತ್ತಿ ತಲೆತಲಾಂತರದಿಂದ ಬೊಂಬೆ ಮಾಡುತ್ತಿರುವಾಗ, ಇದೊಂದು ಹೊಸ ವಿದ್ಯೆಯೆಂದು ಹೇಳಲು ಮಾತ್ರ ನನಗೆ ನಾಲಿಗೆ ಏಳಲಿಲ್ಲ.

ಮೊದಲು ನೀರು. ಬಿಳಿಯ ಮೇಣದ ಬಣ್ಣದ ಕಡ್ಡಿಯಿಂದ ಅಲೆ ಗೀಚಿ ಮೇಲೆ ನೀಲಿ ನೀರುಬಣ್ಣ ಸವರಿದರೆ, ಮೇಣ ನೀರನ್ನು ಒಲ್ಲದ್ದರಿಂದ ಗೆರೆಗಳು ಮಾತ್ರ ಬೆಳ್ಳಗೆ ಎದ್ದು ನಿಲ್ಲುತ್ತವೆ. ಬಣ್ಣ ಹಸಿಯಿರುವಾಗಲೇ ಉಪ್ಪು ಉದುರಿಸಬೇಕು. ಹರಳು ತನ್ನ ಸುತ್ತಲಿನ ನೀರನ್ನು ಹೀರಿದಲ್ಲೆಲ್ಲ ಗುಳ್ಳೆಯಂಥ ಚುಕ್ಕೆ ಅರಳುತ್ತದೆ. ಉಪ್ಪು ಕೇಳಲು ಹೋದಾಗ ಬಿಸಿಯೂಟದ ಅಕ್ಕ, “ಮೀನಿಗೆ ಉಪ್ಪು ಹಚ್ಚಾಕ ಸಾಲಿಯೊಳಗ ಯಾರು ಹೇಳ್ಯಾರ್ರಿ ಸರ?” ಎಂದು ಬಟ್ಟಲು ಕೈಗಿಟ್ಟರು.

ಇನ್ನು ಹುರುಪೆ. ಹಳೆಯ ಲಗ್ನಪತ್ರಿಕೆ ಮತ್ತು ಬಿಸ್ಕತ್ತಿನ ಬೆಳ್ಳಿ ಹಾಳೆಯನ್ನು ಉಗುರಿನಷ್ಟಗಲ ಕತ್ತರಿಸಿ, ಮೈದಾ ಅಂಟಿನಲ್ಲಿ ಅದ್ದಿ, ನಾನೇ ಮಾದರಿಯೊಂದನ್ನು ತಲೆಯಿಂದ ಆರಂಭಿಸಿ ಬಾಲದವರೆಗೆ ಸಾಲುಸಾಲಾಗಿ ಅಂಟಿಸಿದೆ. ಮೀನು ಏಕೋ ಕೋಳಿ ಪುಕ್ಕ ಕೆದರಿದಂತೆ ಕಂಡಿತು. ಹರಿಗೋಲಿನಲ್ಲಿ ಬಲೆ ಬೀಸುವವರ ಮಗನೊಬ್ಬ ಹತ್ತಿರ ಬಂದು ಬೆರಳಾಡಿಸಿ, “ಉಲ್ಟಾ ಆಗೇತ್ರಿ ಸರ. ನಮ್ಮವ್ವ ಬಾಲದ ಕಡೆಯಿಂದ ತಲೀ ಕಡೆ ಕೆರೀತಾಳ, ಆಗ ಹುರುಪಿ ಏಳ್ತಾವ” ಎಂದ. ಹೌದಲ್ಲ! ಹುರುಪೆಯ ಬುಡ ತಲೆಯ ಕಡೆಗೆ, ಬಿಡಿ ಅಂಚು ಬಾಲದ ಕಡೆಗೆ. ಹೆಂಚಿನ ಮಾಡನ್ನು ಸೂರಿನಿಂದ ಮೇಲಕ್ಕೆ ಹೊದಿಸುವಂತೆ, ಬಾಲದಿಂದ ಆರಂಭಿಸಿದರೆ ಮಾತ್ರ ಮುಂದಿನ ಸಾಲು ಹಿಂದಿನದರ ಬುಡವನ್ನು ಮುಚ್ಚುತ್ತದೆ. ಅಡುಗೆಮನೆಯಲ್ಲಿ ತೆಗೆಯುವ ದಾರಿಯೇ ಇಲ್ಲಿ ಹಚ್ಚುವ ದಾರಿ.

ನನ್ನ ಮಾದರಿ ಬುಟ್ಟಿ ಸೇರಿತು. ಮಕ್ಕಳು ಮಾತ್ರ ಮುಖವಿಲ್ಲದ ಮೀನಿಗೆ ಬಾಲ ಹಚ್ಚಲು ಸುತರಾಂ ಒಪ್ಪದೆ, ಮೊದಲು ಕಣ್ಣಿಗೆ ಅಂಗಿಯ ಗುಂಡಿ ಅಂಟಿಸಿ, ಆಮೇಲೆ ಬಾಲಕ್ಕಿಳಿದರು. ಒಬ್ಬಳ ಮೀನಿನ ಹೊಟ್ಟೆಯ ಮೇಲೆ ‘ಚಿ. ಸೌ.’ ಎಂಬ ಅಕ್ಷರಗಳು ಬಂಗಾರದ ಬಣ್ಣದಲ್ಲಿ ಹೊಳೆಯುತ್ತಿದ್ದವು.

ಮೂವತ್ತೆರಡು ಮೀನುಗಳು ಈಗ ಕಿಟಕಿಯ ಹಗ್ಗದಲ್ಲಿ ಒಣಗುತ್ತಿವೆ. ಉಪ್ಪಿನ ಬಟ್ಟಲು ಮರಳಿ ಬಾರದ್ದರಿಂದ ಅಕ್ಕ ದಿನಕ್ಕೊಮ್ಮೆ ಬಾಗಿಲಲ್ಲಿ ಇಣುಕಿ, ಸಾರು ಯಾವಾಗ ಮಾಡುತ್ತೀರಿ ಎಂದು ಕೇಳುತ್ತಾರೆ.