ಗಿರ್ಮಿಟ್ಟಿಗೂ ಬಂತು ಪ್ರೊಟೀನ್

ವಿದ್ಯಾನಗರದ ಕಡೆ ಒಂದು ಗಿರ್ಮಿಟ್ ಗಾಡಿಗೆ ಹೊಸಾ ಬೋರ್ಡ್ ಬಂದೈತಿ: 'ಹೈ ಪ್ರೊಟೀನ್ ಗಿರ್ಮಿಟ್'. 30 ರೂಪಾಯಿದ್ದ ಪ್ಲೇಟು 50 ಆಗೇತಿ. ಹೊಸಾದ್ ಏನ್ ಹಾಕ್ತೀಯೋ ತಮ್ಮಾ ಅಂದ್ರ, "ಅದ ಪುಟಾಣಿ ಹಿಟ್ಟು, ಅದ ಶೇಂಗಾರಿ ಸರ. ಮೊದ್ಲ ಬೋರ್ಡ್ ಇರ್ಲಿಲ್ಲ" ಅಂದ. ಪ್ರಾಮಾಣಿಕ ಮನಷ್ಯಾ. ಡಬ್ಬಿ ಮಾರೋ ಕಂಪನಿಯವ್ರು ಇಷ್ಟೂ ಹೇಳೂದಿಲ್ಲ.

ಈ ಪ್ರೊಟೀನ್ ಅನ್ನೋ ಹೆಸರಿನ ಜಾತಕಾನ ಮಜಾ ಐತಿ. ಹಾಲೆಂಡಿನ ಮುಲ್ಡರ್ ಅನ್ನೋ ರಸಾಯನಶಾಸ್ತ್ರಜ್ಞ ತತ್ತಿಯ ಬಿಳಿಭಾಗ, ರಕ್ತ ಎಲ್ಲಾ ಪರೀಕ್ಷೆ ಮಾಡಿದ. ಇಂಗಾಲ, ಜಲಜನಕ, ಸಾರಜನಕ, ಆಮ್ಲಜನಕದ ಲೆಕ್ಕ ಎಲ್ಲಾದ್ರಾಗೂ ಹೆಚ್ಚೂಕಡಿಮಿ ಒಂದ ಬಂತು. ಹಂಗಾರ ಬುಡದಾಗ ಇರೂದು ಒಂದ ಮೂಲವಸ್ತು, ಚೂರು ಗಂಧಕ, ರಂಜಕ ಕೂಡಿಸ್ಕೊಂಡು ಬ್ಯಾರೆ ಬ್ಯಾರೆ ವೇಷ ಹಾಕತೈತಿ ಅಂದ. ಸ್ವೀಡನ್ನಿನ ಬರ್ಝೇಲಿಯಸ್ 1838ರಾಗ ಅವಂಗ ಪತ್ರ ಬರದು ಹೆಸರೂ ಕೊಟ್ಟ: ಪ್ರೊಟೀನ್. ಗ್ರೀಕಿನಾಗ 'ಪ್ರೋಟೆಯೋಸ್' ಅಂದ್ರ ಮೊದಲನೇ ಸ್ಥಾನದ್ದು. ಮುಂದ ಜರ್ಮನಿಯ ಲೀಬಿಗ್ ಕಡೆಯವ್ರು ಹುಡುಕಿದ್ರ, ಗಂಧಕ ಇಲ್ಲದ ಆ ಮೂಲವಸ್ತು ಎಲ್ಲೂ ಸಿಗಲೇ ಇಲ್ಲ. ಸಿದ್ಧಾಂತ ಬಿತ್ತು, ಹೆಸರು ಉಳೀತು. ಎಲೆಕ್ಷನ್ ಸೋತವ್ರ ಕಾರಿನ ಮುಂದ ಬೋರ್ಡ್ ಉಳಿದಂಗ.

ನಮ್ಮ ಮಂದಿಗೆ ಬೇಕಾಗಿದ್ದೂ ಆ ಮೊದಲನೇ ಸ್ಥಾನಾನ. ಜಿಮ್ಮಿನ ಹುಡುಗ ಡಬ್ಬಿ ಪುಡಿ ಅಲುಗಾಡಿಸಿ ಕುಡೀತಾನ. ಅವ್ರವ್ವ ರೊಟ್ಟಿ, ಮಡಕಿಕಾಳ ಪಲ್ಯ, ಶೇಂಗಾ ಹಿಂಡಿ ಮುಂದಿಟ್ರ "ಬರೇ ಕಾರ್ಬ್ಸ್ ಬೇ ಯವ್ವಾ" ಅಂತ ತಾಟು ದೂಡ್ತಾನ. 100 ಗ್ರಾಂ ಶೇಂಗಾದಾಗ ಸುಮಾರು 25 ಗ್ರಾಂ ಪ್ರೊಟೀನ್ ಐತಿ. ಯವ್ವ ಒರಳಿಗೆ ಸ್ಟಿಕರ್ ಹಚ್ಚಲಿಲ್ಲ, ಅಷ್ಟ ಆಕಿ ತಪ್ಪು.

ಇನ್ನ ಸ್ಟಿಕರಿನ ಲೆಕ್ಕಾ. 1883ರಾಗ ಡೆನ್ಮಾರ್ಕಿನ ರಸಾಯನಶಾಸ್ತ್ರಜ್ಞ ಕೆಲ್ಡಾಲ್ ಹಾಕಿಕೊಟ್ಟ ಹಾದ್ಯಾಗ ಈಗ್ಲೂ ಪ್ರೊಟೀನ್ ತೂಗೂದಿಲ್ಲ, ಸಾರಜನಕ ಅಳದು 6.25ರಿಂದ ಗುಣಿಸ್ತಾರ. 2008ರಾಗ ಚೀನಾದಾಗ ನೀರು ಬೆರಸಿದ ಹಾಲಿಗೆ ಸಾರಜನಕ ತುಂಬಿದ ಮೆಲಮೈನ್ ಅನ್ನೋ ರಾಸಾಯನಿಕ ಹಾಕಿ ಇದ ಲೆಕ್ಕಕ್ಕ ಟೋಪಿ ಹಾಕಿದ್ರು. ಪರೀಕ್ಷೆ ಪಾಸಾತು, ಕೂಸುಗಳು ಸತ್ವು.

ಮೊನ್ನೆ ಒಂದು ಅಂಗಡ್ಯಾಗ ಪ್ರೊಟೀನ್ ನೀರೂ ಕಂಡಿತು. ಬಾಜೂ ನಿಂತಿದ್ದ ಅಜ್ಜಾರು ಕನ್ನಡಕ ಏರಿಸಿ ಬಾಟ್ಲಿ ಪೂರ್ತಿ ಓದಿದ್ರು. "ಪ್ರೊಟೀನ್ ಇರ್ಲಿ ಬಿಡಪಾ, ನಮ್ಮ ಓಣ್ಯಾಗ ಬರೇ ನೀರು ಯಾವಾಗ ಬಿಡ್ತಾರಂತ?"