ಜುಟ್ಟಿಗೆ ಕ್ಯಾಲ್ಕುಲಸ್

7 + 2 = □ + 6. ಚೌಕದೊಳಗೆ ಏನು ಬರೆಯಬೇಕು? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಶಾಖೆಯಲ್ಲಿ ಗಣಿತದ ಪೂರಕ ತರಗತಿಗೆ ಬಂದು ಕುಳಿತವರಲ್ಲಿ ಸುಮಾರು ನಾಲ್ವರಲ್ಲೊಬ್ಬರು ಇದನ್ನು ತಪ್ಪು ಮಾಡಿದರಂತೆ. 2025ರ ನವೆಂಬರಿನಲ್ಲಿ ಆ ವರದಿ ಹೊರಬಿದ್ದ ಮೇಲೆ ಫ್ರೀಮಾಂಟ್, ಕೂಪರ್ಟಿನೊ ಕಡೆಯ ನಮ್ಮ ಕನ್ನಡಿಗ ಪಾಲಕರ ವಾಟ್ಸಾಪ್ ಗುಂಪುಗಳಿಗೆ ನಿದ್ದೆಯಿಲ್ಲ. ಹೊಸ ವಿದ್ಯಾರ್ಥಿಗಳಲ್ಲಿ ಸುಮಾರು ಎಂಟರಲ್ಲೊಬ್ಬರ ಗಣಿತ ಪ್ರೌಢಶಾಲೆಯ ಮಟ್ಟಕ್ಕಿಂತ ಕೆಳಗಿದೆ ಎಂದು ಪ್ರಾಧ್ಯಾಪಕರು ತಲೆ ಮೇಲೆ ಕೈಹೊತ್ತು ಬರೆದಿದ್ದಾರೆ. ಅದನ್ನು ಓದಿದ ಪಾಲಕರು ಕೇಳಿದ ಮೊದಲ ಪ್ರಶ್ನೆ: ‘ಹಾಗಾದರೆ ನಮ್ಮವಳು ಹನ್ನೆರಡನೆಯ ತರಗತಿಯಲ್ಲಿ ಎಬಿ ತೆಗೆದುಕೊಳ್ಳಬೇಕೋ, ಬಿಸಿಯೋ?’

ಎಬಿ, ಬಿಸಿ ಎಂದರೆ ಏನೆಂದು ಊರಿನಲ್ಲಿರುವ ಬಂಧುಗಳು ಕೇಳಬಹುದು. ಎರಡೂ ಕ್ಯಾಲ್ಕುಲಸ್ಸೇ, ಎಪಿ, ಅಂದರೆ ಶಾಲೆಯಲ್ಲೇ ಕಾಲೇಜು ಮಟ್ಟದ ಪಾಠ, ಎಂಬ ಹಿರಿಮೆಯುಳ್ಳವು. ಎಬಿಯಲ್ಲಿ ಇರುವುದೆಲ್ಲ ಬಿಸಿಯಲ್ಲಿದೆ, ಮೇಲೆ ಒಂದಿಷ್ಟು ಶ್ರೇಣಿಗಳು. ಎಬಿ ತೆಗೆದುಕೊಂಡ ಮಗುವನ್ನು ಕನ್ನಡ ಕೂಟದ ಯುಗಾದಿ ಊಟದಲ್ಲಿ ಎಲ್ಲರೂ ಬಹಳ ಕರುಣೆಯಿಂದ ಮಾತನಾಡಿಸುತ್ತಾರೆ. ಬಿಸಿಯನ್ನು ಹನ್ನೊಂದರಲ್ಲೇ ಮುಗಿಸಿದವರ ಸಂಕಟವೇ ಬೇರೆ. ಕೊನೆಯ ವರ್ಷಕ್ಕೆ ಶಾಲೆಯಲ್ಲಿ ಗಣಿತವೇ ಉಳಿದಿಲ್ಲ. ಅವರು ಡಿ ಆಂಜಾ, ಓಲೋನಿ ಮುಂತಾದ ಸಮುದಾಯ ಕಾಲೇಜುಗಳಿಗೆ ಹೋಗಿ ಬಹುಚರ ಕ್ಯಾಲ್ಕುಲಸ್ ಕಲಿಯುತ್ತಾರೆ. ಅದಕ್ಕಾಗಿ ಬೇಸಿಗೆ ರಜೆಯ ಆರು ವಾರಗಳಲ್ಲಿ ರೇಖಾಗಣಿತವನ್ನು ಗಟಗಟ ಕುಡಿದಿರುತ್ತಾರೆ. ಸಂಖ್ಯಾಶಾಸ್ತ್ರ ತೆಗೆದುಕೊಳ್ಳುತ್ತೇನೆ ಎಂದ ಹುಡುಗನ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ, ಅವನ ತಂಗಿಯ ಭವಿಷ್ಯಕ್ಕೂ ಕುತ್ತು.

ಈ ವ್ಯವಸ್ಥೆಯ ಘನತೆಯನ್ನು ಕೊಂಡಾಡಲೇಬೇಕು. ಪ್ರಪಂಚದಲ್ಲೆಲ್ಲ ನಾಲ್ಕಕ್ಕೆ ನಾಲ್ಕು ಬಂದರೆ ಪೂರ್ಣಾಂಕ. ಎಪಿ ತರಗತಿಯ ಎ ಶ್ರೇಣಿಗೆ ಒಂದು ಅಂಕ ಹೆಚ್ಚು ಕೊಡುವುದರಿಂದ ಇಲ್ಲಿ ನಾಲ್ಕಕ್ಕೆ ನಾಲ್ಕೂ ಕಾಲು ಬರುತ್ತದೆ. ಬರೀ ನಾಲ್ಕು ತಂದ ಮಗುವಿನ ತಾಯಿ ‘ಮುಂದಿನ ಸೆಮಿಸ್ಟರಿನಲ್ಲಿ ಸರಿಹೋಗುತ್ತದೆ’ ಎಂದು ಸಮಾಧಾನ ಹೇಳಿಕೊಳ್ಳುತ್ತಾಳೆ.

ನನಗೆ ಗೊತ್ತಿರುವ ಒಂದು ಮನೆಯಲ್ಲಿ ವಿಷಯ ಆಯ್ಕೆಯ ಫಾರಂ ತುಂಬುವ ದಿನ ಊಟದ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್, ನಾಲ್ಕು ಬಣ್ಣಗಳ ಕೋಷ್ಟಕ, ಸಲಹೆಗಾರನೊಬ್ಬನ ವಿಡಿಯೊ ಕರೆ. ದಾವಣಗೆರೆಯಿಂದ ಬಂದಿದ್ದ ಅಜ್ಜ ನಿವೃತ್ತ ಗಣಿತದ ಮೇಷ್ಟ್ರು. ದ್ವಿತೀಯ ಪಿಯುಸಿಯಲ್ಲಿ ಗಣಿತ ಎಂದರೆ ಒಂದೇ ಗಣಿತ, ಅವಕಲನ ಅನುಕಲನಗಳೆಲ್ಲ ಅದರ ಹೊಟ್ಟೆಯೊಳಗೇ ಇರುತ್ತವೆ ಎಂದು ನಂಬಿದ್ದ ಪಾಪದ ಮನುಷ್ಯ. ಮೊಮ್ಮಗಳು ಲಘುಗಣಕದ ಒಂದು ಲೆಕ್ಕದಲ್ಲಿ ಸಿಕ್ಕಿಕೊಂಡಿದ್ದನ್ನು ಕಂಡು ಕನ್ನಡಕ ಏರಿಸಿ, ಪೆನ್ಸಿಲ್ ಹಿಡಿದು ಪಕ್ಕದಲ್ಲಿ ಕುಳಿತರು. ಮಗ ತಲೆಯೆತ್ತದೆ ಹೇಳಿದ: ‘ಈಗ ಬೇಡ ಅಪ್ಪ, ಯಾವ ಗಣಿತ ಅಂತ ತೀರ್ಮಾನ ಮಾಡುತ್ತಿದ್ದೇವೆ.’

ಎಲ್ಲರೂ ಕ್ಯಾಲ್ಕುಲಸ್ಸಿಗೇ ಏಕೆ ಜೋತುಬಿದ್ದರು ಎನ್ನುವುದೂ ಒಂದು ಕಥೆ. 1957ರಲ್ಲಿ ರಷ್ಯನ್ನರು ಸ್ಪುಟ್ನಿಕ್ ಹಾರಿಸಿದಾಗ ಅಮೆರಿಕಕ್ಕೆ ವಿಜ್ಞಾನಿಗಳು, ಎಂಜಿನಿಯರುಗಳು ಸಾಲರು ಎಂಬ ದಿಗಿಲು ಹತ್ತಿತು. ಮರುವರ್ಷವೇ ಶಿಕ್ಷಣಕ್ಕೆ ಹಣ ಸುರಿಯುವ ಕಾಯ್ದೆ ಬಂತು, ಅದಕ್ಕೆ ‘ರಾಷ್ಟ್ರೀಯ ರಕ್ಷಣಾ’ ಎಂದು ಹೆಸರು. ಸ್ಪುಟ್ನಿಕ್ ಮೂರೇ ತಿಂಗಳಲ್ಲಿ ಉರಿದು ಬೂದಿಯಾಯಿತು, ದಿಗಿಲು ಮಾತ್ರ ಇನ್ನೂ ಕಕ್ಷೆಯಲ್ಲಿದೆ. ಈಗ ಕಾನೂನು ಓದುವವಳಿಗೂ ಕ್ಯಾಲ್ಕುಲಸ್ ಬೇಕು, ಸಿನಿಮಾ ಓದುವವನಿಗೂ ಬೇಕು. ಹನ್ನೆರಡನೆಯ ತರಗತಿಯೊಳಗೆ ಕ್ಯಾಲ್ಕುಲಸ್ ಮುಗಿಸುವುದೇ ಗುರಿಯಾಗಬಾರದು, ಬುನಾದಿ ಗಟ್ಟಿಯಾಗಲಿ ಎಂದು ಅಮೆರಿಕದ ಗಣಿತಜ್ಞರ ಸಂಘವೂ ಗಣಿತ ಶಿಕ್ಷಕರ ಪರಿಷತ್ತೂ 2012ರಲ್ಲೇ ಜಂಟಿಯಾಗಿ ಹೇಳಿದ್ದವು. ಗಣಿತದ ವಿಷಯದಲ್ಲಿ ಗಣಿತಜ್ಞರ ಮಾತು ಕೇಳುವಷ್ಟು ಪುರುಸೊತ್ತು ಯಾರಿಗಿದೆ?

ಸ್ಯಾನ್ ಫ್ರಾನ್ಸಿಸ್ಕೊದ ಸಾಹಸವನ್ನು ಬಿಟ್ಟರೆ ತಪ್ಪಾದೀತು. ಸಮಾನತೆ ತರುತ್ತೇವೆಂದು 2014ರಲ್ಲಿ ಅಲ್ಲಿನ ಸರಕಾರಿ ಶಾಲೆಗಳ ಎಂಟನೆಯ ತರಗತಿಯಿಂದ ಬೀಜಗಣಿತವನ್ನೇ ಕಿತ್ತುಹಾಕಿದರು. ಯಾರಿಗೂ ಕಲಿಸದಿದ್ದರೆ ಯಾರೂ ಹಿಂದುಳಿಯುವುದಿಲ್ಲವಲ್ಲ! ದುಡ್ಡಿದ್ದವರು ಮಕ್ಕಳಿಗೆ ಹೊರಗೆ ಪಾಠ ಹೇಳಿಸಿದರು. ಹತ್ತು ವರ್ಷದ ನಂತರ, 2024ರ ಮಾರ್ಚಿನಲ್ಲಿ, ಬೀಜಗಣಿತವನ್ನು ಮರಳಿ ತನ್ನಿ ಎಂಬ ನಿರ್ಣಯಕ್ಕೆ ಊರಿಗೆ ಊರೇ ಮತ ಹಾಕಿತು. ಅಭ್ಯರ್ಥಿಯಾಗಿ ನಿಂತು ಭಾರೀ ಬಹುಮತದಿಂದ ಗೆದ್ದ ಬೀಜಗಣಿತ ಬೇರೆಲ್ಲಾದರೂ ಇದ್ದರೆ ತಿಳಿಸಿ, ಹಾರ ಹಾಕೋಣ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರೇನು ಕಡಿಮೆಯೇ? ಪ್ರವೇಶಕ್ಕೆ ಬೀಜಗಣಿತದ ಎರಡನೆಯ ಹಂತದ ಬದಲು ಡೇಟಾ ಸೈನ್ಸ್ ಸಾಕು ಎಂದು 2020ರಲ್ಲಿ ಒಪ್ಪಿ, ಮೂರು ವರ್ಷದ ಮೇಲೆ ಸಾಲದು ಎಂದರು. ನಡುವೆ ಅದನ್ನು ನಂಬಿ ಓದಿದ ಮಕ್ಕಳನ್ನು ಯಾರೂ ಲೆಕ್ಕಕ್ಕೆ ಹಿಡಿದಂತಿಲ್ಲ.

ಮತ್ತೆ ಆ ವರದಿಗೆ ಬರುತ್ತೇನೆ. ಪೂರಕ ತರಗತಿಯಲ್ಲಿ ಕುಳಿತವರಲ್ಲಿ ಕಾಲುಭಾಗಕ್ಕೂ ಹೆಚ್ಚು ಮಂದಿಗೆ ಪ್ರೌಢಶಾಲೆಯ ಗಣಿತದಲ್ಲಿ ಬಂದಿದ್ದ ಸರಾಸರಿ 4.0. ಅಂದರೆ ಎಲ್ಲದರಲ್ಲೂ ಎ. ಆ ಎಗಳನ್ನು ಆಕಾಶದಿಂದ ಯಾರೂ ಉದುರಿಸಿದ್ದಲ್ಲ, ಶಾಲೆಗಳು ಕೊಟ್ಟವು. ಎಸ್‌ಎಟಿ ಎಂಬ ಪ್ರವೇಶ ಪರೀಕ್ಷೆಯ ಅಂಕಗಳನ್ನು ಕಣ್ಣೆತ್ತಿಯೂ ನೋಡುವುದಿಲ್ಲ ಎಂದು ವಿಶ್ವವಿದ್ಯಾಲಯ ಬಾಗಿಲು ಮುಚ್ಚಿಕೊಂಡ ಮೇಲೆ ಉಳಿದದ್ದು ಅಂಕಪಟ್ಟಿ ಮತ್ತು ಅದರಲ್ಲಿರುವ ತರಗತಿಗಳ ಹೆಸರು. ಹಾಗಾಗಿ ಎಲ್ಲರೂ ಹೆಸರು ಮಾರಿದರು, ಎಲ್ಲರೂ ಹೆಸರು ಕೊಂಡರು. ಭಿನ್ನರಾಶಿ ಕೂಡಿಸಲು ಬಾರದ ಮಗುವನ್ನು ತರಗತಿಯಿಂದ ತರಗತಿಗೆ ನೂಕಿ, ಬೆನ್ನು ತಟ್ಟಿ, ಕೊನೆಗೆ ಹದಿನೆಂಟನೆಯ ವಯಸ್ಸಿನಲ್ಲಿ ಅದರ ಅಜ್ಞಾನವನ್ನು ವರದಿಯಾಗಿ ಮುದ್ರಿಸಿ ಲೋಕಕ್ಕೆಲ್ಲ ಹಂಚಿದರು. ಇದರಲ್ಲಿ ನಗುವುದಕ್ಕೆ ಏನೂ ಇಲ್ಲ. ಆ ಚೌಕದಲ್ಲಿ 9 ಎಂದು ಬರೆಯುವ ಮಗುವಿಗೆ ಸಮ ಚಿಹ್ನೆ ಎಂದರೆ ‘ಮುಂದೆ ಉತ್ತರ ಬರೆ’ ಎಂಬ ಆಜ್ಞೆ, ಅಷ್ಟೇ. ಅದು ಎರಡು ಬದಿಗಳೂ ಸಮ ಎನ್ನುವ ಮಾತು ಎಂದು ಮೂರನೆಯ ತರಗತಿಯಲ್ಲಿ ಯಾರಾದರೂ ಹತ್ತು ನಿಮಿಷ ಕೂತು ಹೇಳಬೇಕಿತ್ತು. ಯಾರೂ ಹೇಳಲಿಲ್ಲ. ನಾವಾದರೋ ಬಿಸಿ ಮುಗಿದ ಮೇಲೆ ಮುಂದೇನು ಎಂದು ಕೋಷ್ಟಕಕ್ಕೆ ಬಣ್ಣ ಬಳಿಯುತ್ತಿದ್ದೇವೆ.

ಈ ದೇಶದ ಪ್ರೌಢಶಾಲೆಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಕ್ಯಾಲ್ಕುಲಸ್ಸೇ ಇಲ್ಲ. ಕರಿಯರ, ಲ್ಯಾಟಿನೊಗಳ ಮಕ್ಕಳು ಹೆಚ್ಚಿರುವ ಕಡೆ ಇನ್ನೂ ಕಡಿಮೆ. ಅಲ್ಲಿ ಎಬಿಯೋ ಬಿಸಿಯೋ ಎಂಬ ಧರ್ಮಸಂಕಟವೇ ಹುಟ್ಟುವುದಿಲ್ಲ. ಕ್ಯಾಲ್ಟೆಕ್ ಎಂಬ ತಂತ್ರಜ್ಞಾನ ಸಂಸ್ಥೆ 2023ರಲ್ಲಿ ತನ್ನ ಪ್ರವೇಶಕ್ಕೆ ಅಂಥವರಿಗೊಂದು ದಾರಿ ತೆರೆಯಿತು: ಶಾಲೆಯಲ್ಲಿ ಕ್ಯಾಲ್ಕುಲಸ್ ಇಲ್ಲದಿದ್ದರೆ ಖಾನ್ ಅಕಾಡೆಮಿ ಜಾಲತಾಣದಲ್ಲಿ ಪುಕ್ಕಟೆಯಾಗಿ ಕಲಿತು, ಪರೀಕ್ಷೆ ಕೊಟ್ಟು ತೋರಿಸಿದರೂ ಆದೀತು. ಈ ಸುದ್ದಿಯನ್ನು ಗುಂಪಿನಲ್ಲಿ ಹಂಚಿಕೊಂಡೆ. ಐದು ನಿಮಿಷಕ್ಕೆ ಒಬ್ಬರ ಉತ್ತರ ಬಂತು: ‘ನಮ್ಮ ಹುಡುಗ ಬಿಸಿಯ ಜೊತೆಗೆ ಇದನ್ನೂ ಮಾಡಿಟ್ಟುಕೊಂಡರೆ ಅರ್ಜಿಗೆ ಇನ್ನೂ ಸ್ವಲ್ಪ ತೂಕ ಬರುತ್ತದೆಯೇ?’