ಇನ್ನೊಂದೇ ಸೀಟ್ ಸರ

ಮಂಡಿ ಇನ್ನೂ ನೋಯ್ತಿದೆ. ಇವತ್ತು ಬೆಳಗ್ಗೆ ಕಲಬುರಗಿ ಸ್ಟೇಷನ್ ಮುಂದೆ ಟಂಟಂನಲ್ಲಿ, ಅಂದರೆ ನಮ್ಮ ಕಡೆಯ ಶೇರ್ ಆಟೊದಲ್ಲಿ, ಕಾಲು ಮಡಚಿಕೊಂಡು ಮೂವತ್ತೈದು ನಿಮಿಷ ಕೂತಿದ್ದೆ. ಟಂಟಂ ಓಡ್ತಿರಲಿಲ್ಲ, ಸುಮ್ನೆ ನಿಂತಿತ್ತು.

2024ರಲ್ಲಿ ವಂದೇ ಭಾರತ್ ಶುರುವಾದಾಗ ನಾನೂ ಖುಷಿಪಟ್ಟೆ. ಬೆಂಗಳೂರಿಂದ ಸುಮಾರು ಒಂಬತ್ತು ತಾಸಿನಲ್ಲಿ ಕಲಬುರಗಿ. ಆದರೆ ಅದು ಬಂದು ಮುಟ್ಟೋದು ನಡುರಾತ್ರಿ ಹೊತ್ತಿಗೆ, ಆಮೇಲೆ ಆಳಂದಕ್ಕೆ ಏನು ಹತ್ತೋದು? ನಮ್ಮೂರಿಗೆ ರೈಲಿಲ್ಲ. ಅದಕ್ಕೇ ರಾತ್ರಿ ಗಾಡಿಯಲ್ಲಿ ಮಲಗಿ ಬಂದು, ಬೆಳಗ್ಗೆ ಇಳಿದು, ಬಸ್ ಸ್ಟ್ಯಾಂಡಿಗೆ ಹೋಗಿ ಏಳರ ಬಸ್ ಹಿಡಿಯೋದು ನನ್ನ ಲೆಕ್ಕ. ಆಟೊದವ ನೂರೈವತ್ತು ಅಂದ. ಟಂಟಂಗೆ ಇಪ್ಪತ್ತು. ನೂರಾ ಮೂವತ್ತು ಉಳೀತು ಅಂತ ಹತ್ತಿದೆ.

"ಇನ್ನೊಂದೇ ಸೀಟ್ ಸರ, ಬಂದ್ರ ಹೊಂಟೇಬಿಟ್ಟೆ" ಅಂದ ಡ್ರೈವರ್.

ಒಬ್ಬರು ಬಂದರು, ತೊಗರಿಬೇಳೆ ಚೀಲದ ಸಮೇತ. ಚೀಲ ನನ್ನ ಕಾಲ ಮೇಲೆ ಕೂತಿತು. "ಈಗ ನಡಿ" ಅಂದೆ. "ಹಿಂದ ತುಂಬ್ಯಾದ್ರಿ, ಮುಂದ ಖಾಲಿ ಅದ. ಒಂದೇ ಸೀಟ್." ಮುಂದೆ ಅಂದರೆ ಅವನದೇ ಸೀಟು, ಅದರ ಎಡಕ್ಕೊಬ್ಬರು, ಬಲಕ್ಕೊಬ್ಬರು. ಎಡಕ್ಕೆ ಒಬ್ಬ ಹುಡುಗ ಬಂದು ಕೂತ. ಮತ್ತೆ ಒಂದೇ ಸೀಟ್. ಮಗು ಎತ್ತಿಕೊಂಡ ಹೆಣ್ಣುಮಗಳು ಬಂದಳು, "ಅಣ್ಣಾವ್ರ ಸ್ವಲ್ಪ ಸರೀರಿ" ಅಂತ ನಮ್ಮನ್ನೆಲ್ಲ ಒತ್ತಿ ಕೂರಿಸಿದ. ಆಗಲೂ ಒಂದೇ ಸೀಟ್! ಬೇಸತ್ತು ಇಬ್ಬರು ಇಳಿದು ನಡೆದುಕೊಂಡೇ ಹೋದರು. ಈಗಲಾದರೂ ಲೆಕ್ಕ ಮೂರಾಗಬೇಕಲ್ವಾ? ಇಲ್ಲ. ಈ ಮನುಷ್ಯ ಒಂದರ ಮುಂದಿನ ಮಗ್ಗಿ ಕಲಿತೇ ಇಲ್ಲ.

ನಾವು ಗೊಣಗಿದಾಗೆಲ್ಲ ಗಾಡಿ ಚಾಲೂ ಮಾಡಿ ಎರಡು ಮಾರು ಮುಂದೆ ಹೋಗ್ತಾನೆ. ಹೊರಟಿತು ಅಂತ ನಾವು ಸುಮ್ಮನಾದ ಕೂಡಲೇ ಎರಡು ಮಾರು ಹಿಂದೆ. ತೊಟ್ಟಿಲು ತೂಗಿದ ಹಾಗೆ. ಮಗು ನಿಜಕ್ಕೂ ಮಲಗಿಬಿಟ್ಟಿತು.

ಚಿಕ್ಕವನಿದ್ದಾಗ ಇದೇ ಸ್ಟೇಷನ್ ಮುಂದೆ ಅಪ್ಪನ ಜೊತೆ ಟಾಂಗಾ ಹತ್ತುತ್ತಿದ್ದೆ. ಊರಿನ ಹೆಸರು 2014ರಲ್ಲೇ ಕಲಬುರಗಿ ಅಂತ ಆದರೂ ಅಪ್ಪನಿಗೆ ಕೊನೆವರೆಗೂ ಗುಲ್ಬರ್ಗಾನೇ. ಕುದುರೆ ಹುಲ್ಲು ತಿಂದು ಮುಗಿಸೋವರೆಗೆ ಆಗಲೂ ಕಾಯ್ತಿದ್ದೆವು. ಆದರೆ ನಾನು ಅಪ್ಪನ ತೊಡೆ ಮೇಲಿರ್ತಿದ್ದೆ, ಕುದುರೆಗೆ ಇನ್ನೂ ಹಸಿವಿರಲಿ ಅಂತ ಅನಿಸ್ತಿತ್ತು.

ಏಳಕ್ಕೆ ಹತ್ತು ನಿಮಿಷ. ಮೇ ತಿಂಗಳ ಬಿಸಿಲು ಆಗಲೇ ಒಳಗೆ ಬಂದು ಕೂತಿತ್ತು, ಅದಕ್ಕೂ ಒಂದು ಸೀಟ್ ಲೆಕ್ಕ ಹಾಕಬೇಕಿತ್ತು ಇವನು. ಇನ್ನು ತಡೆಯಲಾಗಲಿಲ್ಲ. ನಾನೇ ಹೊರಗೆ ತಲೆ ಹಾಕಿ, "ಬಸ್ ಸ್ಟ್ಯಾಂಡ್ ಬಸ್ ಸ್ಟ್ಯಾಂಡ್, ಬರ್ರಿ ಬರ್ರಿ, ಒಂದೇ ಸೀಟ್!" ಅಂತ ಕೂಗೋಕೆ ಶುರುಮಾಡಿದೆ.

ಡ್ರೈವರ್ ಕನ್ನಡಿಯಲ್ಲಿ ನೋಡಿ, "ಇನ್ನ ಸ್ವಲ್ಪ ಜೋರ ಒದರ್ರಿ ಸರ" ಅಂದ.

ಒದರಿದೆ. ಮೂರನೇ ಸಲಕ್ಕೆ ಒಬ್ಬರು ಬ್ಯಾಗ್ ಹಿಡಿದು ಹತ್ತಿರ ಬಂದು, ಕನ್ನಡಕ ಸರಿಮಾಡಿಕೊಂಡು ನನ್ನ ಮುಖ ನೋಡಿದರು. ನಮ್ಮ ಓಣಿಯ ಮಾಸ್ತರು! ಅದೇ ಗಾಡಿಯಲ್ಲಿ ಬೇರೆ ಬೋಗಿಯಲ್ಲಿ ಬಂದಿದ್ದರಂತೆ.

"ಬೆಂಗಳೂರ ನೌಕರಿ ಬಿಟ್ಟಿಯೇನೋ ತಮ್ಮಾ?"

ಇಲ್ರೀ ಮಾಸ್ತರ, ಸುಮ್ನೆ, ಅಂತ ಏನೇನೋ ಹೇಳಿದೆ. ಅವರು ಬಹಳ ಮರುಕದಿಂದ ಬೆನ್ನು ತಟ್ಟಿ, "ಇರ್ಲಿ, ಯಾವ ಕೆಲಸಾನೂ ಕೀಳಲ್ಲ" ಅಂದರು. ಇಪ್ಪತ್ತು ರೂಪಾಯಿಯನ್ನೂ ನನ್ನ ಕೈಗೇ ಕೊಟ್ಟರು. ಟಂಟಂ ಹೊರಟಿತು. ಪಟೇಲ್ ಚೌಕದಲ್ಲಿ ಮತ್ತೆ ನಿಂತಿತು, ಒಂದೇ ಸೀಟಿಗೆ. ಏಳರ ಬಸ್ಸು ಹೋಗಿತ್ತು. ಮುಂದಿನದರಲ್ಲಿ ಮಾಸ್ತರರ ಪಕ್ಕದಲ್ಲೇ ಕೂತು ಬಂದೆ, ದಾರಿಯುದ್ದಕ್ಕೂ ಸಮಾಧಾನ ಹೇಳಿಸಿಕೊಳ್ತಾ.

ಈಗ ಒಳಗೆ ಕೂತು ಇದನ್ನು ಬರೀತಿದ್ದೇನೆ. ಪಡಸಾಲೆಯಲ್ಲಿ ಪಕ್ಕದ ಮನೆ ಕಾಕು ಅವ್ವನನ್ನ ಮೆಲ್ಲಗೆ ಕೇಳ್ತಿದ್ದಾಳೆ: "ಟಂಟಂ ಸ್ವಂತದ್ದೋ, ಬಾಡಗಿದೋ?"